ಹುಡೇವಿನ ಮಣ್ಣು

ನನಗೆ ಸಣ್ಣಂದಿನಿಂದಲೂ ಅಂಜಿಕೆ ಜಾಸ್ತಿ. ಡಫಳಾಪುರದ ತವರುಮನೆಯಲ್ಲಿ ಬೆಕ್ಕು ಮಾಳಿಗೆಯಿಂದ ಜಿಗಿದರೂ ಅವ್ವನ ಸೆರಗು ಹಿಡಿಯುತ್ತಿದ್ದೆ. ಇವಳನ್ನು ಯಾರ ಮನೆಗೆ ಕೊಡುವುದು ಎಂದು ಅಣ್ಣಂದಿರು ಕಾಡಿಸುತ್ತಿದ್ದರು. ಕೊಟ್ಟದ್ದು ದರಿಬಡಚಿಯ ಆಚೆಗಿನ ಒಂದು ಬಯಲೂರಿಗೆ, ಅದರಲ್ಲೂ ಹುಡೇವಿನ ಬುಡದ ಮನೆಗೆ. ಸುತ್ತ ಕಣ್ಣು ಹಾಯುವಷ್ಟು ದೂರ ಹೇಳಿಕೊಳ್ಳುವಂಥ ಗಿಡವಿಲ್ಲ, ಗುಡ್ಡವಿಲ್ಲ. ನಡುವೆ ಹುಡೇವು ಅನ್ನುವ ಆ ಒಂದು ಕಾವಲು ಬುರುಜು, ಊರಿನ ಯಾವ ಮನೆಗಿಂತಲೂ ಎಷ್ಟೋ ಪಟ್ಟು ಎತ್ತರ. ಹೊರಗೆ ಕಲ್ಲು, ಒಳಗೆ ಮಣ್ಣು, ಸುತ್ತಿಕೊಂಡು ಏರುವ ಮೆಟ್ಟಿಲು. ಯಾರು ಕಟ್ಟಿಸಿದರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಅದಕ್ಕೆ ತಾಗಿಕೊಂಡೇ ಇತ್ತು.

ಹೊಸದರಲ್ಲಿ ರೊಟ್ಟಿ ಬಡಿಯುತ್ತ ತಲೆಯೆತ್ತಿ ಬೆಳಕಿಂಡಿಯಿಂದ ನೋಡಿದರೆ ಹುಡೇವು ನನ್ನ ಮೇಲೇ ಬಾಗಿದಂತೆ ಕಾಣುತ್ತಿತ್ತು. ಮೋಡ ಓಡುವಾಗಂತೂ ಬಿದ್ದೇಬಿಟ್ಟಿತು ಅನಿಸಿ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿ ಬಂದಿದ್ದೂ ಉಂಟು. ಅತ್ತೆ ನಗುತ್ತಿದ್ದರು. ಓಡುವುದು ಮೋಡ, ಹುಡೇವಲ್ಲ ಎಂದು ತಿಳಿಹೇಳಿ ಮತ್ತೆ ಒಲೆಯ ಮುಂದೆ ಕೂರಿಸುತ್ತಿದ್ದರು.

ಹುಡೇವಿನ ಕಾವಲು ನಮ್ಮ ಮನೆತನಕ್ಕೆ ನಡೆದುಬಂದದ್ದು. ದೀಪ ಹಚ್ಚುವ ಹೊತ್ತಿಗೆ ಮಾವ ಮೇಲೇರಿ, ನಾಲ್ಕೂ ದಿಕ್ಕು ನೋಡಿ, ಏನೂ ಇಲ್ಲ ಎಂದು ಎತ್ತರದ ದನಿಯಲ್ಲಿ ಕೂಗಬೇಕು. ಆಮೇಲೆ ಊರ ಅಗಸಿಯ ಬಾಗಿಲು ಹಾಕಬೇಕು. ಈ ಕಾಲದಲ್ಲಿ ಇದೇನು ಎಂದು ಹರೆಯದವರು ಮುಸಿಮುಸಿ ನಗುತ್ತಿದ್ದರು, ನಮ್ಮ ಮನೆಯವರೂ ಅವರಲ್ಲಿ ಒಬ್ಬರು. ನಾನು ಮಾತ್ರ ನಗುತ್ತಿರಲಿಲ್ಲ. ಹುಡೇವಿನ ಅಂಜಿಕೆ ಒಂದು ಕಡೆ ಇರಲಿ, ಆ ಕೂಗು ಕೇಳದೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಹುಡೇವಿನಿಂದ ಊರಿಗೆ ಇನ್ನೊಂದು ಉಪಕಾರವಿತ್ತು. ನಮ್ಮ ಕಡೆ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಎಲ್ಲದರ ಮೇಲೆ ಗೇಣು ದಪ್ಪ ಮಣ್ಣು. ಸಿಕ್ಕ ಮಣ್ಣು ಇದಕ್ಕೆ ಆಗುವುದಿಲ್ಲ. ಹೊಲದ ಕರಿಮಣ್ಣು ಬಿಸಿಲಿಗೆ ಬಾಯಿಬಿಡುತ್ತದೆ, ಮಳೆಗೆ ಸೋರುತ್ತದೆ. ಹಳೆಯ ಗೋಡೆಗಳಲ್ಲಿ ತಲೆಮಾರುಗಟ್ಟಲೆ ಇದ್ದು ಹಣ್ಣಾದ ಬಿಳಿ ಹಾಳಮಣ್ಣೇ ಬೇಕು. ಅಂಥ ಮಣ್ಣು ಇದ್ದದ್ದು ಹುಡೇವಿನ ಬುಡದಲ್ಲಿ. ಹಿಂಬದಿಯ ಕಲ್ಲು ಯಾವಾಗಲೋ ಉದುರಿ ಒಳಗಿನ ಮಣ್ಣು ತೆರೆದುಕೊಂಡಿತ್ತು. ಪ್ರತಿ ಬೇಸಿಗೆಯಲ್ಲಿ ಊರಿನ ಹೆಂಗಸರೆಲ್ಲ ಸಲಿಕೆ, ಬುಟ್ಟಿ ತಂದು, ಹುಡೇವಿಗೆ ಕೈಮುಗಿದು, ಬೇಕಾದಷ್ಟು ಮಣ್ಣು ತೋಡಿಕೊಂಡು ಹೋಗುತ್ತಿದ್ದರು. ಬೇಡ ಅನ್ನುವವರು ಯಾರೂ ಇರಲಿಲ್ಲ. ಮಾವನೇ ಮುಂದೆ ನಿಂತು ಯಾರಿಗೆ ಯಾವ ಕಡೆ ಎಂದು ತೋರಿಸುತ್ತಿದ್ದರು. ಈ ಹುಡೇವು ನಮ್ಮನ್ನು ಕಳ್ಳರಿಂದಲೂ ಕಾಯುತ್ತದೆ, ಮಳೆಯಿಂದಲೂ ಕಾಯುತ್ತದೆ ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು.

ಸಂಸ್ಥಾನಗಳೆಲ್ಲ ಸರಕಾರಕ್ಕೆ ಸೇರುತ್ತಿದ್ದ ವರ್ಷ ಅದು. ಮೂಡಲ ಗಡಿಯ ಆಚೆಯಿಂದ ಕೆಟ್ಟ ಸುದ್ದಿಗಳು ಬರತೊಡಗಿದವು. ಅಲ್ಲಿ ಊರು ಸುಟ್ಟರಂತೆ, ಇಲ್ಲಿ ರಾಶಿ ಹೊತ್ತೊಯ್ದರಂತೆ, ಹೆಂಗಸರನ್ನು ಏನೋ ಮಾಡಿದರಂತೆ. ಆ ಮಾತು ಬಂದಾಗ ಗಂಡಸರು ನಮ್ಮ ಕಡೆ ನೋಡಿ ಮಾತು ಬದಲಿಸುತ್ತಿದ್ದರು. ಹೇಳದೆ ಬಿಟ್ಟದ್ದಕ್ಕೇ ನನಗೆ ಹೆಚ್ಚು ಅಂಜಿಕೆಯಾಗುತ್ತಿತ್ತು. ದಂಗೆಯವರು ಬಂದರೆ ಹೆಂಗಸರು ಮಕ್ಕಳು ಹಗೇವಿಗೆ ಇಳಿಯಬೇಕು ಎಂದು ಊರಲ್ಲಿ ತೀರ್ಮಾನವಾಯಿತು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ದೊಡ್ಡ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಕೋಣೆಯಷ್ಟು. ನಮ್ಮ ಅಂಗಳದ ಹಗೇವಿನಲ್ಲಿ ಅರ್ಧ ಜೋಳ ತೆಗೆದು ಜಾಗ ಮಾಡಿದ್ದರು.

ಒಂದು ಇಳಿಹೊತ್ತು "ಬಂದರು, ಬಂದರು" ಎಂದು ಮಾವ ಹುಡೇವಿನ ಮೇಲಿಂದ ಕೂಗಿದರು. ಮೂಡಲಲ್ಲಿ ದೊಡ್ಡ ಧೂಳು ಎದ್ದಿತ್ತಂತೆ. ನನ್ನ ಮೊದಲ ಕೂಸು, ಹೆಣ್ಣು, ಆಗ ಐದು ತಿಂಗಳದ್ದು. ತವರಿನಿಂದ ಎತ್ತಿಕೊಂಡು ಬಂದು ಹದಿನೈದು ದಿನವೂ ಆಗಿರಲಿಲ್ಲ. ಅದನ್ನು ಎದೆಗೆ ಕಟ್ಟಿಕೊಂಡು ಇಳಿದೆ. ಅತ್ತೆ ಇಳಿದರು, ನೆರೆಮನೆಯ ಇಬ್ಬರು ಇಳಿದರು. ಮೇಲೆ ಕಲ್ಲು ಎಳೆದು ಹುಲ್ಲು ಹರಡಿದರು. ಕತ್ತಲೆ. ಜೋಳದ ಹುಳಿವಾಸನೆ, ಮೈಗೆ ಅಂಟುವ ಬಿಸಿ ಹಬೆ. ಉಸಿರು ಎಳೆದರೆ ಧೂಳು ಬರುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಕೂಸು ಅತ್ತಿತು. ಅತ್ತರೆ ಮೇಲಿನವರಿಗೆ ಕೇಳುತ್ತದಲ್ಲಾ ಎಂದು ಅಂಜಿದೆ. ಆಮೇಲೆ ಅಳು ನಿಲ್ಲಿಸಿತು. ಆಗ ಇನ್ನೂ ಹೆಚ್ಚು ಅಂಜಿದೆ. ಮೇಲಿಂದ ಯಾರೂ ಕರೆಯಲಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು.

ಕಲ್ಲು ಸರಿಸಿದಾಗ ಹೊರಗೆ ನಗು ಕೇಳಿಸಿತು. ಧೂಳೆಬ್ಬಿಸಿದ್ದು ಕುರಿಗಳು. ಮೇವಿಗೆಂದು ಹೊಳೆಯ ಕಡೆ ಹೋಗಿದ್ದ ನಮ್ಮೂರ ಕುರುಬರು, ಅಲ್ಲಿಯ ಸುದ್ದಿಗೆ ಅವರೂ ಅಂಜಿ, ಕುರಿಗಳನ್ನು ಓಡಿಸಿಕೊಂಡು ಊರು ಸೇರಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ. ಅಂದು ರಾತ್ರಿಯಿಂದ ಕೂಸಿಗೆ ಕೆಮ್ಮು ಹತ್ತಿತು, ಆಮೇಲೆ ಉಬ್ಬಸ. ಚಕ್ಕಡಿ ಕಟ್ಟಿಕೊಂಡು ಜತ್ತದ ದವಾಖಾನೆಗೆ ಹೊರಟೆವು. ದಾರಿಯಲ್ಲೇ, ಕುಣಿಕೋಣೂರ ದಾಟುವುದರೊಳಗೆ, ನನ್ನ ತೊಡೆಯ ಮೇಲೆ ಅದರ ಉಸಿರು ನಿಂತಿತು.

ಹಗೇವಿನಿಂದ ಹೀಗಾಯಿತು ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆದರೆ ಆವತ್ತಿನಿಂದ ಮಾವ ಸಂಜೆಯಷ್ಟೇ ಅಲ್ಲ, ಹೊತ್ತು ಸಿಕ್ಕಾಗಲೆಲ್ಲ ಹುಡೇವು ಏರತೊಡಗಿದರು. ಊಟಕ್ಕೆ ಕರೆಯಬೇಕಾದರೂ ಕೆಳಗೆ ನಿಂತು ಕೂಗಬೇಕಿತ್ತು.

ಕೆಲವು ವರ್ಷ ಕಳೆದ ಮೇಲೆ, ಹಸ್ತ ಮಳೆಯ ಜಡಿಯಲ್ಲಿ, ಹುಡೇವು ಬಿತ್ತು. ಮುಂಜಾನೆ, ನಾನು ಹಿತ್ತಲಲ್ಲಿ ಉರುವಲಿನ ಕುಳ್ಳು ಎತ್ತಿಡುತ್ತಿದ್ದೆ. ಮೊದಲು ಮೇಲಿಂದ ಒಂದು ಸಣ್ಣ ಕಲ್ಲು ಬಿತ್ತು. ಆಮೇಲೆ ನೆಲದ ಒಳಗಿನಿಂದ ನರಳಿದ ಹಾಗೆ ಒಂದು ಸದ್ದು. ನಾನು ಓಡಲಿಲ್ಲ, ಕುಳ್ಳು ಹಿಡಿದುಕೊಂಡೇ ಮೇಲೆ ನೋಡುತ್ತ ನಿಂತೆ. ಪುಣ್ಯಕ್ಕೆ ಅದು ಆಚೆಗೆ, ಬಯಲ ಕಡೆಗೆ ಒರಗಿತು. ನಮ್ಮ ಕಡೆಯ ಅರ್ಧ ಹಾಗೇ ನಿಂತಿತು, ಕೊಯ್ದಿಟ್ಟ ಕುಂಬಳಕಾಯಿಯ ಹಾಗೆ, ಒಳಗಿನ ಮಣ್ಣೆಲ್ಲ ಕಾಣುವಂತೆ. ಊರೆಲ್ಲ ಓಡಿಬಂತು. ಬಿದ್ದ ಕಡೆಯ ಬುಡ ನೋಡಿದರೆ ಒಂದು ಚಕ್ಕಡಿ ಹೊಗುವಷ್ಟು ಗವಿ. ಅದನ್ನು ಯಾರು ತೋಡಿದರು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಎಲ್ಲರೂ ಒಮ್ಮೆ ತಮ್ಮ ತಮ್ಮ ಮನೆಯ ಮಾಳಿಗೆಯ ಕಡೆ ನೋಡಿದರು.

ಆವತ್ತಿನಿಂದ ನನಗೆ ಎರಡು ಅಂಜಿಕೆ. ಹುಡೇವು ಇಲ್ಲದ ಊರಿನ ಅಂಜಿಕೆ ಒಂದು, ನೆತ್ತಿಯ ಮೇಲೆ ನಿಂತ ಅರ್ಧ ಹುಡೇವಿನದು ಇನ್ನೊಂದು. ಒಲೆಯನ್ನು ಪಡಸಾಲೆಗೆ ತಂದುಕೊಂಡೆವು. ಮಾವ ಮಾತ್ರ ಉಳಿದ ಮೆಟ್ಟಿಲಲ್ಲೇ ಏರುತ್ತಿದ್ದರು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬರೀ ಬಯಲು. ಅವರು ಏರಿದಾಗ ಅತ್ತೆ ಕೆಳಗೆ ಕೂತು ಮೇಲೆ ನೋಡುತ್ತ, ಅವರು ಇಳಿಯುವತನಕ ಅಲ್ಲಿಂದ ಏಳುತ್ತಿರಲಿಲ್ಲ.

ತಿರುಗಿ ಕಟ್ಟಬೇಕೋ ಬೇಡವೋ ಎಂದು ಚಾವಡಿಯಲ್ಲಿ ಜನ ಕೂಡಿದರು. ನಾವು ಹೆಂಗಸರು ಎದುರಿನ ಮನೆಯ ಕಟ್ಟೆಯ ಮೇಲೆ, ಜೋಳ ಹಸನು ಮಾಡುವ ನೆಪದಲ್ಲಿ ಕೂತಿದ್ದೆವು. ಹಿರಿಯರು ಕಟ್ಟಲೇಬೇಕು ಅಂದರು. ಹುಡೇವು ಇಲ್ಲದ ಊರು ಬೋಳಾಗಿ ಕಾಣುತ್ತದೆ, ದೂರದಿಂದ ಬರುವಾಗ ಊರು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ ಎಂದು ಒಬ್ಬ ಮುದುಕರು ಕಣ್ಣಲ್ಲಿ ನೀರು ತಂದರು. ಅವರ ಮುತ್ತಜ್ಜ ಆ ಕಲ್ಲು ಹೊತ್ತಿದ್ದರಂತೆ. ಹರೆಯದವರು ಉಳಿದದ್ದನ್ನೂ ಕೆಡವಿ, ಅರ್ಧಕ್ಕೆ ನಿಂತ ಊರಬಾವಿಯನ್ನು ಆ ಕಲ್ಲಿನಲ್ಲಿ ಕಟ್ಟೋಣ ಅಂದರು. ಜತ್ತದಲ್ಲಿ ಪೊಲೀಸರಿದ್ದಾರೆ, ಕುದುರೆ ಏರಿ ಲೂಟಿಗೆ ಬರುವ ಕಾಲ ಹೋಯಿತು ಅಂದರು. ಊರ ಲೆಕ್ಕ ಬರೆಯುವ ತಲಾಠಿಯನ್ನು ಕೇಳಿದರೆ, ಸರಕಾರ ಕಟ್ಟಿರಿ ಅನ್ನುವುದಿಲ್ಲ, ಬೇಡವೂ ಅನ್ನುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಟೊಪ್ಪಿಗೆ ಸರಿಮಾಡಿಕೊಂಡ.

ಕಡೆಗೆ ಮಾವ ಎದ್ದು, ಕಟ್ಟುವುದಷ್ಟೇ ಅಲ್ಲ, ಮೊದಲಿಗಿಂತ ಎರಡು ಮೊಳ ಎತ್ತರ ಕಟ್ಟಬೇಕು ಅಂದರು. ಅಲ್ಲಲ್ಲಿ ನಗು ಎದ್ದಿತು. ಇದ್ದದ್ದನ್ನು ನಿಲ್ಲಿಸಲು ಆಗಿಲ್ಲ, ಇನ್ನು ಎತ್ತರವೇ ಎಂದು ಯಾರೋ ಅಂದರು. ಆಗ ನಮ್ಮ ಮನೆಯವರು, ಹತ್ತು ಮಂದಿಯ ಮುಂದೆ ತಂದೆಗೆ ಎದುರಾಡಿದರು.

"ಯಪ್ಪಾ, ಹುಡೇವು ಇದ್ರ ಕಳ್ಳರು ಬರೂದು ಮೊದಲ ಕಾಣತೈತಿ, ಖರೆ. ಕಂಡ ಮ್ಯಾಲೆ ಏನ್ ಮಾಡತೀವಿ? ಮೊದಲ ಅಂಜತೀವಿ, ಅಷ್ಟ."

ಅವರ ಮಾತು ಸರಿಯಾಗಿಯೇ ಇತ್ತು. ಆದರೆ ಸರಿಯಾದ ಮಾತಿನಿಂದ ಅಂಜಿಕೆ ಹೋಗುವುದಾದರೆ ನಾನು ಎಂದೋ ಧೈರ್ಯವಂತೆ ಆಗುತ್ತಿದ್ದೆ. ಕಟ್ಟಲಿ ಎಂದೇ ನನ್ನ ಮನಸ್ಸೂ ಹೇಳುತ್ತಿತ್ತು. ನನಗೆ ಆಗ ಮತ್ತೆ ದಿನ ನಿಂತಿದ್ದವು. ಆ ಹೊಸ ಜೀವಕ್ಕೆ ಯಾರಾದರೂ ಎತ್ತರದಲ್ಲಿ ಕೂತು ಕಾಯುವವರು ಬೇಕು ಅನಿಸುತ್ತಿತ್ತು.

ಹಿರಿಯರ ಮಾತೇ ಗೆದ್ದಿತು, ಬೇಸಿಗೆಗೆ ಕೆಲಸ ಹಿಡಿಯುವುದೆಂದು ಆಯಿತು. ಕಲ್ಲು ಇತ್ತು. ಮಣ್ಣಿನದೇ ತೊಡಕು. ಹುಡೇವಿನ ಹೊಟ್ಟೆಗೆ ಆ ಬಿಳಿ ಮಣ್ಣೇ ಆಗಬೇಕು, ಬೇರೆಯದು ಕಲ್ಲನ್ನು ಹಿಡಿಯುವುದಿಲ್ಲ. ಬಿದ್ದ ಮಣ್ಣಿನಲ್ಲಿ ಅರ್ಧವನ್ನು ಮಳೆ ಒಯ್ದಿತ್ತು. ಇನ್ನರ್ಧವನ್ನು, ಚಾವಡಿಯಲ್ಲಿ ಮಾತು ನಡೆಯುತ್ತಿದ್ದಾಗಲೇ, ಸುಮ್ಮನೆ ಬಿದ್ದಿದೆಯಲ್ಲಾ ಎಂದು ಜನ ತಮ್ಮ ಮಾಳಿಗೆಗೆ ಹೊತ್ತಿದ್ದರು. ಹೀಗಾಗಿ ಹುಡೇವು ಇದ್ದದ್ದು ಊರಿನ ತಲೆಯ ಮೇಲೆ. ಮನೆಗೆ ಇಷ್ಟು ಬುಟ್ಟಿಯಂತೆ ಮಾಳಿಗೆಯ ಮಣ್ಣನ್ನು ತಿರುಗಿ ಕೊಡಬೇಕೆಂದು ಮಾವ ಹೇಳಿದರು. ಎಲ್ಲರೂ ಹೂಂ ಅಂದರು.

ಬೇಸಿಗೆ ಬಂತು. ಮಾವ ಮನೆಮನೆಯ ಮುಂದೆ ನಿಂತರು. ಹುಡೇವಿಗಾಗಿ ಕಣ್ಣೀರು ಹಾಕಿದ ಮುದುಕರು ತಮ್ಮ ಸೊಸೆ ಒಪ್ಪುತ್ತಿಲ್ಲ ಅಂದರು. ಒಬ್ಬರ ಮನೆಯಲ್ಲಿ ಮದುವೆ, ಒಬ್ಬರ ಮನೆಯಲ್ಲಿ ಬೇನೆ. ಕೊಟ್ಟವರೂ ಕರಿಮಣ್ಣು ಬೆರೆಸಿ ಕೊಟ್ಟರು. ಯಾರನ್ನೂ ಬೈಯಲು ನನಗೆ ಬಾಯಿ ಇಲ್ಲ. ಹುಡೇವು ಎಲ್ಲರಿಗೂ ಬೇಕಿತ್ತು, ತನ್ನ ಮನೆ ಸೋರುವುದು ಯಾರಿಗೂ ಬೇಕಿರಲಿಲ್ಲ.

ಆಗ ಮಾವ ಒಂದು ಹಟ ತೊಟ್ಟರು. ಮೊದಲು ನಮ್ಮ ಮಾಳಿಗೆ ಬಿಚ್ಚುತ್ತೇನೆ, ಅದನ್ನು ನೋಡಿ ಊರು ನಾಚಿ ಕೊಡುತ್ತದೆ ಅಂದರು. ನಾನು ಹೆತ್ತು ಇನ್ನೂ ತಿಂಗಳು ತುಂಬಿರಲಿಲ್ಲ, ಮತ್ತೆ ಹೆಣ್ಣು. ಅತ್ತೆ ಅತ್ತರು, ನಮ್ಮ ಮನೆಯವರು ಕೂಗಾಡಿದರು. ಮಳೆಗೆ ಇನ್ನೂ ಹೊತ್ತಿದೆ, ಅಷ್ಟರಲ್ಲಿ ಸದ್ಯಕ್ಕೆ ಕರಿಮಣ್ಣು ಹಾಕುತ್ತೇನೆ ಎಂದು ಮಾವ ಯಾರ ಮಾತೂ ಕೇಳಲಿಲ್ಲ. ಪಡಸಾಲೆಯ ಮೇಲಿನದನ್ನು ತೆಗೆದರು. ಮರುದಿನ ಬಾಣಂತಿ ಕೋಣೆಯ ಮೇಲೆ ಬಂದರು. ಹೊರಸಿನ ಮೇಲೆ ಮಲಗಿ ನಾನು ಅವರ ಹೆಜ್ಜೆ ಕೇಳುತ್ತಿದ್ದೆ. ಸಲಿಕೆ ಎಳೆದಾಗೊಮ್ಮೆ ಜಂತಿಯ ಸಂದಿನಿಂದ ಮಣ್ಣು ಸೊರಸೊರನೆ ತೊಟ್ಟಿಲ ಮೇಲೆ ಉದುರುತ್ತಿತ್ತು. ಸೊಪ್ಪಿನ ನಡುವೆ ಅಲ್ಲಲ್ಲಿ ಆಕಾಶ ಕಾಣತೊಡಗಿತು. ಮನೆಯ ಒಳಗೆ ಮಲಗಿ ಆಕಾಶ ನೋಡುವುದು ಎಷ್ಟು ಅಂಜಿಕೆಯ ಸಂಗತಿ ಎಂದು ನನಗೆ ಆವತ್ತು ಗೊತ್ತಾಯಿತು.

ಇಳಿಹೊತ್ತಿಗೆ ಆ ಆಕಾಶ ಕಪ್ಪಾಯಿತು. ಮಳೆಗಾಲಕ್ಕೆ ಮೊದಲೇ ಬರುವ ಅಡ್ಡಮಳೆ, ಅದೂ ಆಣೆಕಲ್ಲಿನದು. ಮಾವ ಹುಡೇವಿನ ಬುಡಕ್ಕೆ ಮಣ್ಣು ಸುರಿಯಲು ಹೋಗಿದ್ದರು, ನಮ್ಮ ಮನೆಯವರು ಹೊಲದಲ್ಲಿದ್ದರು. ಮೊದಲು ಸೊಪ್ಪಿನ ಎಲೆಗಳು ಬಿದ್ದವು, ಆಮೇಲೆ ಕೆಸರು ನೀರು, ಆಮೇಲೆ ಧಾರೆ. ಹೊರಸಿನ ಕೆಳಗಿನ ಕೆಂಡ ಚೊಂಯ್ ಎಂದು ಆರಿಹೋಯಿತು. ಕೂಸನ್ನು ಎದೆಯ ಕೆಳಗೆ ಹಾಕಿಕೊಂಡು ಬಗ್ಗಿದೆ. ಬೆನ್ನ ಮೇಲೆ ತಣ್ಣೀರು ಸುರಿಯುತ್ತಿತ್ತು. ಅತ್ತೆ ರೊಟ್ಟಿಯ ಹಿಟ್ಟು ನಾದುವ ಅಗಲ ಪರಾತ ತಂದು ನಮ್ಮಿಬ್ಬರ ಮೇಲೆ ಹಿಡಿದು ನಿಂತರು. ಹೊರಗೆ ಓಡೋಣವೆಂದರೆ ಅಂಗಳದಲ್ಲಿ ಗುಂಡುಕಲ್ಲಿನಂಥ ಆಣೆಕಲ್ಲು. ಕೂಸು ಅತ್ತಿತು. ಆಮೇಲೆ ಅಳು ನಿಲ್ಲಿಸಿ ಕೆಮ್ಮಿತು. ಆ ಕೆಮ್ಮು ನನಗೆ ಗೊತ್ತಿದ್ದ ಕೆಮ್ಮು.

ಆಗ ಮೇಲೆ ಹೆಜ್ಜೆ ಕೇಳಿಸಿತು. ಮಾವ ಬಂದಿದ್ದರು. ಮುಂಜಾನೆಯಿಂದ ಒಯ್ದ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ತಿರುಗಿ ತಂದು, ಆಣೆಕಲ್ಲಿನ ಏಟಿನಲ್ಲೇ ಸುರಿದು, ಕಾಲಿನಿಂದ ತುಳಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೇರೆ ಹೆಜ್ಜೆಗಳೂ ಕೇಳಿಸಿದವು. ಒಂದು ಬುಟ್ಟಿ ಕೇಳಿದರೆ ನೆಪ ಹೇಳಿದ್ದ ನೆರೆಯವರು ಗೋಣಿಚೀಲ ತಲೆಗೆ ಹಾಕಿಕೊಂಡು ಮಣ್ಣು ಹೊರುತ್ತಿದ್ದರು. ನೀರು ಧಾರೆಯಿಂದ ಹನಿಯಾಯಿತು, ಹನಿಯಿಂದ ನಿಂತಿತು.

ದೀಪ ಹಚ್ಚುವ ಹೊತ್ತಾಗಿತ್ತು. ಆ ಸಂಜೆ ಮಾವ ಹುಡೇವು ಏರಲಿಲ್ಲ. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವುದಿಲ್ಲ, ಆದರೂ ಅವರು ಬಂದು ಬಾಗಿಲ ಒಳಗೇ ಕುಕ್ಕರಿಸಿ ಕೂತರು. ಹಣೆಯಲ್ಲಿ ರಕ್ತ, ಮೈಯೆಲ್ಲ ಬಿಳಿ ಕೆಸರು. ಅತ್ತೆ ಅವರ ಕಡೆ ನೋಡಲಿಲ್ಲ. ನಾನು ಕೂಸನ್ನು ಒಣ ಅರಿವೆಯಲ್ಲಿ ಸುತ್ತಿ ಉಜ್ಜುತ್ತಿದ್ದೆ. ಅದು ಮತ್ತೆ ಕೆಮ್ಮಿತು. ಆಗ ಮಾವ ನೆಲ ನೋಡುತ್ತ ಮಾತಾಡಿದರು.

"ಅವತ್ತ ಧೂಳದಾಗ ಕುರಿ ನನಗ ಲಗೂನ ಕಂಡಿದ್ದುವವ್ವಾ. ಕುರಿ ಹಿಂದ ಮಂದಿ ಅದಾರೋ ಏನೋ ಅಂತ ಅಂಜಿದೆ. ಏನೂ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಇನ್ನ ಎರಡು ಮೊಳ ಎತ್ತರ ಇದ್ದಿದ್ರ ಹಿಂದಿಂದೂ ಕಾಣತಿತ್ತು."

ಕಲ್ಲು ಮುಚ್ಚಿದ ಹಗೇವಿನಲ್ಲಿ ನಾವು ಬೇಯುತ್ತಿದ್ದಾಗ ಇವರು ಮೇಲೆ ಕೂತು ಕುರಿಗಳನ್ನು ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಅಷ್ಟು ಸಿಟ್ಟು ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಅದರ ಜೊತೆಗೇ ಇನ್ನೊಂದೂ ತಿಳಿಯಿತು, ಅದು ಸಿಟ್ಟಿಗಿಂತ ಕೆಟ್ಟದ್ದು. ಆ ದಿನ ಅಲ್ಲಿ ನಾನು ಕೂತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಎರಡು ಮೊಳ ಏರಿಸಿದರೆ ಇನ್ನೂ ಎರಡು ಮೊಳ ಬೇಕು ಅನಿಸುತ್ತಿತ್ತು. ಅವರೂ ನನ್ನ ಹಾಗೆಯೇ ಅಂಜುವವರು, ಇಷ್ಟು ವರ್ಷ ನಾನು ಅವರ ಕೂಗಿನಲ್ಲಿ ಧೈರ್ಯ ಹುಡುಕಿದ್ದೆ.

ಆವರೆಗೆ ನಾನು ಮಾವನೊಂದಿಗೆ ಎದುರಿಗೆ ನಿಂತು ಮಾತಾಡಿದವಳಲ್ಲ. "ಅದನ್ನ ಕೆಡವ್ರಿ, ಮಾಂವಾರ" ಅಂದೆ.

ಅವರು ಹೂಂ ಎಂದು ತಲೆ ಆಡಿಸಿದರು.

ಕೂಸು ವಾರವೆಲ್ಲ ಕೆಮ್ಮಿತು. ಆ ವಾರ ನಾನು ಹೇಗಿದ್ದೆ ಎಂದು ಹೇಳಲು ಹೋಗುವುದಿಲ್ಲ. ಅದು ಹಾಲು ಎಳೆಯತೊಡಗಿದ ದಿನ ಮಾವ ಹಾರೆ ತೆಗೆದುಕೊಂಡು ಹೋಗಿ ಉಳಿದ ಹುಡೇವಿನ ಮೊದಲ ಕಲ್ಲನ್ನು ತಾವೇ ಮೀಟಿದರು. ಹಿರಿಯರು ಬಂದು ಬೈದರು, ಕೆಲವರು ಅತ್ತರು. ಮಾವ ಯಾರಿಗೂ ಕಾರಣ ಹೇಳಲಿಲ್ಲ. ಕಲ್ಲು ಬಾವಿಗೆ ಹೋಯಿತು, ಮಣ್ಣು ಮಾಳಿಗೆಗಳಿಗೆ ಹೋಯಿತು. ನಮ್ಮ ಅಡುಗೆಮನೆಗೆ ಮೊದಲ ಸಲ ಮುಂಜಾನೆಯ ಬಿಸಿಲು ಬಂತು, ನಮ್ಮ ಮನೆಯವರು ಅದನ್ನು ಎಲ್ಲರಿಗೂ ಕರೆದು ತೋರಿಸಿದರು.

ಏರಲು ಎತ್ತರವಿಲ್ಲದೆ ಮಾವ ಸಂಜೆ ಏನು ಮಾಡಬೇಕೆಂದು ತಿಳಿಯದೆ ಒಳಗೆ ಹೊರಗೆ ತಿರುಗಾಡುತ್ತಿದ್ದರು. ಕಡೆಗೆ ತೊಟ್ಟಿಲ ಹತ್ತಿರ ಬಂದು ಕೂಡುವುದು ರೂಢಿಯಾಯಿತು. ತೂಗುತ್ತಿರಲಿಲ್ಲ, ಹಾಡುತ್ತಿರಲಿಲ್ಲ, ಕೂಸಿನ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದರು. ಮುದುಕ ಮೊಮ್ಮಗಳನ್ನು ಎಷ್ಟು ಹಚ್ಚಿಕೊಂಡಿದ್ದಾನೆ ಎಂದು ನೆರೆಯವರು ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಅವರನ್ನು ಅಲ್ಲಿಂದ ಏಳಿ ಅನ್ನಲು ನನ್ನಿಂದ ಆಗಲಿಲ್ಲ, ಕೂಸನ್ನು ಅವರ ಹತ್ತಿರ ಬಿಟ್ಟು ನೀರಿಗೆ ಹೋಗಲೂ ಆಗಲಿಲ್ಲ. ಅವರು ಕೂಸನ್ನು ಕಾಯುತ್ತಿದ್ದರು. ನಾನು ಒಲೆಯ ಮುಂದೆ ಕೂತು ಅವರನ್ನು ಕಾಯುತ್ತಿದ್ದೆ.